ಹಸಿರು ಸೀರೆಯ ಫೋಟೊ

“ಇವರ! ಇವರ ನೋಡ್ರಿ! ಇದ ಮಾರಿ, ಇದ ಮೂಗುತಿ, ಇದ ನಗು!”

ಬಾಗಿಲಲ್ಲಿ ನಿಂತ ಹೆಂಗಸು ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ರಟ್ಟಿನ ಡಬ್ಬಿ ಹಿಡಿದುಕೊಂಡು ಕೂಗುತ್ತಿದ್ದಳು. ಒಮ್ಮೆ ಮೊಬೈಲು ನೋಡುವಳು, ಒಮ್ಮೆ ಆಯಿಯ ಮುಖ ನೋಡುವಳು.

ಆಯಿ ಎಂದರೆ ವೈಶಾಲಿಯ ಅಜ್ಜಿ ಲಕ್ಷ್ಮವ್ವ. ಬೆಳಗಾದರೆ ಮನೆಯ ಮುಂದಿನ ಕಟ್ಟೆಯ ಮೇಲೆ ರಾಟಿ ಇಟ್ಟುಕೊಂಡು ಕೂತು, ಮಗ್ಗಕ್ಕೆ ಬೇಕಾದ ನೂಲನ್ನು ಕಂಡಿಕೆ ಎನ್ನುವ ಸಣ್ಣ ಕೊಳವೆಗೆ ಸುತ್ತುವುದು ಅವಳ ಕೆಲಸ. ಕೈ ನೂಲು ಸುತ್ತಿದರೆ ಬಾಯಿ ಓಣಿ ಸುತ್ತುತ್ತಿತ್ತು. ಹೋಗುವವರನ್ನೂ ಬರುವವರನ್ನೂ ಮಾತಾಡಿಸದೆ ಬಿಡುವವಳಲ್ಲ. ಈಗ ಆಯಿ ರಾಟಿ ನಿಲ್ಲಿಸಿದಳು.

“ಯಾರವ್ವಾ ನೀನು? ಏನಾತು?” ಎಂದು ಕೇಳಿದಳು.

“ಏನಾತಂತ ನನ್ನ ಕೇಳ್ತೀರೇನು? ನನ್ನ ರೊಕ್ಕ ತಿಂದು ಕುಂತೀರಿ!”

ಅವತ್ತು ರವಿವಾರ. ಆರನೇ ಕ್ಲಾಸಿನ ವೈಶಾಲಿ ಒಳಗೆ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದಳು. ಒಂದು ಜಡೆ ಆಗಿತ್ತು. ಕೂಗು ಕೇಳಿ ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಓಡಿ ಬಂದಳು. ಎದುರು ಮನೆಯವರು, ಪಕ್ಕದ ಮನೆಯವರು ಅವಳಿಗಿಂತ ಮೊದಲೇ ಬಾಗಿಲಿಗೆ ಬಂದಾಗಿತ್ತು. ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸಪ್ಪಳ ಎಷ್ಟೇ ಇರಲಿ, ಜಗಳದ ಸಪ್ಪಳ ಬೇರೆಯಾಗಿಯೇ ಕೇಳಿಸುತ್ತದೆ.

ಒಳಗೆ ಮಗ್ಗ ನಿಂತಿತು. ಅಪ್ಪ ರಾಚಪ್ಪ ಮಗ್ಗದಡಿ ಕಾಲು ಇಳಿಬಿಡುವ ಕುಣಿಯಿಂದ ಎದ್ದು, ಬನಿಯನ್ನಿಗೆ ಹತ್ತಿದ ನೂಲಿನ ಚೂರು ಕೊಡವುತ್ತ ಬಂದ.

“ಯಕ್ಕಾ, ಏನ ಇದ್ರೂ ಒಳಗ ಬಂದು ಮಾತಾಡ್ರಿ.”

“ಒಳಗ ಯಾಕ ಬರಲಿ? ಓಣಿ ಮಂದಿ ಎಲ್ಲಾ ಕೇಳಲಿ! ಗಲಗಲಿಯಿಂದ ಎರಡು ಬಸ್ ಬದಲಿಸಿ ಬಂದೇನಿ. ಸ್ಟ್ಯಾಂಡಿನ್ಯಾಗ ಚಾದ ಅಂಗಡಿಯವಗ ಈ ಮೊಬೈಲ್ ತೋರ್ಸಿದೆ. ‘ಅಯ್ಯ, ಇವರು ನಮ್ಮ ಲಕ್ಷ್ಮವ್ವಾರಲ್ಲ!’ ಅಂದ. ಸುಳ್ಳೇನು?”

ಅಷ್ಟು ಹೇಳುವಷ್ಟರಲ್ಲಿ ಅವಳ ದನಿ ಒಡೆಯಿತು. ವೈಶಾಲಿ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಕೊಟ್ಟಳು. ಹೆಂಗಸು ಒಂದೇ ಉಸಿರಿಗೆ ಕುಡಿದು ಮುಗಿಸಿ, ಕಟ್ಟೆಯ ತುದಿಗೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಷ್ಟು ಸಿಟ್ಟಿನಿಂದ ಬಂದಿದ್ದಳೋ ಅಷ್ಟೇ ದಣಿದಿದ್ದಳು.

ಅವಳ ಹೆಸರು ಯಲ್ಲಕ್ಕ. ಕುರಿ ಸಾಕುವ ಮನೆಯವಳು. ಮಗಳು ರಂಜನಾಳನ್ನು ಅನಗವಾಡಿಗೆ ಕೊಟ್ಟಿದ್ದರು. ರಂಜನಾಗೆ ಈಗ ಏಳು ತಿಂಗಳು. ಇನ್ನು ಎಂಟು ದಿನಕ್ಕೆ, ನಾಳೆಯದು ಬಿಟ್ಟು ಮುಂದಿನ ಸೋಮವಾರ, ಕುಬಸ. ಕುಬಸದ ದಿನ ತವರಿನವರು ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಬೇಕು.

“ನನ್ನ ಕುಬಸಕ್ಕ ನಮ್ಮವ್ವ ವಾಯಿಲ್ ಸೀರಿ ತಂದಿದ್ಲು. ಪಾಪ, ಅಕಿ ಕಡೆ ಅಷ್ಟ ಇತ್ತು,” ಎಂದಳು ಯಲ್ಲಕ್ಕ. “ನನ್ನ ಮಗಳಿಗರ ಕೈಮಗ್ಗದ ಸೀರಿ ಉಡಸ್ಬೇಕಂತ ಆರು ತಿಂಗಳು ತತ್ತಿ ಮಾರಿ ರೊಕ್ಕ ಕೂಡಿಸಿದೆ. ನಮ್ಮ ಮಗ ಮಾಳು ಮೊಬೈಲಿನ್ಯಾಗ ಈ ಫೋಟೊ ತೋರ್ಸಿದ. ಒಂಬೈನೂರು ಹಾಕ್ರಿ ಅಂದ್ರು, ಹಾಕಿದ್ವಿ. ಆಮ್ಯಾಲೆ ಪಾರ್ಸಲ್ ಖರ್ಚು ಮುನ್ನೂರು ಅಂದ್ರು. ಅದನ್ನೂ ಹಾಕಿದ್ವಿ. ಬಂದದ್ದು ನೋಡ್ರಿ ಇಲ್ಲಿ!”

ಡಬ್ಬಿ ತೆರೆದಳು. ಒಳಗಿದ್ದದ್ದು ಹಸಿರು ಬಟ್ಟೆಯೇನೋ ಹೌದು. ಆದರೆ ಅದು ಯಾರದೋ ಮನೆಯ ಕಿಟಕಿಯ ಹಳೇ ಪರದೆ. ಮೇಲುಗಡೆ ಸರಳು ತೂರಿಸುವ ತೂತುಗಳು ಇನ್ನೂ ಹಾಗೆಯೇ ಇದ್ದವು.

ಆಯಿ ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದಳು. “ಥೂ! ಇದು ನೂಲ ಅಲ್ಲ, ಪ್ಲಾಸ್ಟಿಕ್ಕು. ಅಲ್ಲ ಯವ್ವಾ, ಒಂಬೈನೂರಕ್ಕ ಕೈಮಗ್ಗದ ಸೀರಿ ಬರತೈತಿ ಅಂತ ಹ್ಯಾಂಗ ನಂಬಿದಿ ನೀನು? ಬರೇ ನೂಲು, ಬಣ್ಣಕ್ಕ ಅದರ ಮ್ಯಾಲ ಆಗತೈತಿ!”

“ನಮಗೇನ ಗೊತ್ತರಿ? ಕುರಿ ರೇಟ್ ಕೇಳ್ರಿ, ಕಣ್ಣ ಮುಚ್ಚಿ ಹೇಳತೇನಿ. ಸೀರಿ ರೇಟ್ ನಿಮಗ ಗೊತ್ತು.” ಯಲ್ಲಕ್ಕ ಮೊಬೈಲನ್ನು ಆಯಿಯ ಮುಂದೆ ಹಿಡಿದಳು. “ನಮ್ಮತ್ತಿ ಹೇಳಿದ್ಲು, ‘ಸೀರಿ ಮೈಗೂ ಸೆರಗಿಗೂ ಕೊಂಡಿ ಹಾಕಿ ಜೋಡಿಸಿರ್ತಾರ. ಕೊಂಡಿ ಇದ್ರ ಅದು ಖರೇ ಕೈಮಗ್ಗ’ ಅಂತ. ಕೊಂಡಿದು ಫೋಟೊ ಇತ್ತು. ಹಿಂಬದಿದೂ ಫೋಟೊ ಇತ್ತು. ಎಲ್ಲಾದರ ಮ್ಯಾಲ ನೀವು ನಗಾಕತ್ತಿದ್ರಿ. ಇಷ್ಟ ವಯಸ್ಸಾದಾಕಿ ಯಾಕ ಸುಳ್ಳ ಹೇಳ್ತಾಳ ಅಂದ್ಕೊಂಡೆ.”

ಬೆರಳಿನಿಂದ ಒತ್ತಿದಳು. ಮೊಬೈಲಿನಲ್ಲಿ ಆಯಿ ಬಾಯಿ ತುಂಬ ನಕ್ಕು, ಹಸಿರು ಸೀರೆ ಮುಂದೆ ಚಾಚಿ ಹೇಳುತ್ತಿದ್ದಳು: “ಬರ್ರಿ, ಬರ್ರಿ! ನಮ್ಮ ಬನಹಟ್ಟಿ ಸೀರಿ ನೋಡ್ರಿ! ಕೈಲೆ ಮುಟ್ಟಿ ನೋಡ್ರಿ!”

ವೈಶಾಲಿಯ ಕೈಯಲ್ಲಿದ್ದ ಖಾಲಿ ತಂಬಿಗೆ ಠಣ್ ಎಂದು ಕೆಳಗೆ ಬಿತ್ತು. ಯಾರೂ ತಿರುಗಿ ನೋಡಲಿಲ್ಲ. ಆ ವಿಡಿಯೊ ಇನ್ನೊಂದು ಚೂರು ಓಡಿದ್ದರೆ ಕೊನೆಗೆ “ಸಾಕು ಆಯಿ” ಎನ್ನುವ ಅವಳದೇ ದನಿ ಕೇಳಿಸುತ್ತಿತ್ತು. ಯಾರೋ ಅದನ್ನು ಅಷ್ಟಕ್ಕೇ ಕತ್ತರಿಸಿದ್ದರು.

ನಡೆದದ್ದು ಇಷ್ಟು. ಎರಡು ತಿಂಗಳ ಹಿಂದೆ ಅಪ್ಪ ಹೊಸ ಮೊಬೈಲು ತಂದಿದ್ದ. ಫೋನು ಮಾಡಲಿಕ್ಕೆ, ಸಾವಕಾರರ ಮೆಸೇಜು ನೋಡಲಿಕ್ಕೆ, ಅಷ್ಟೇ ಎಂದೂ ಹೇಳಿದ್ದ. ಆದರೆ ಗೆಳತಿ ಶ್ರೀದೇವಿ ತಮ್ಮ ಮನೆಯ ಬೆಕ್ಕಿನ ಫೋಟೊ ಫೇಸ್‌ಬುಕ್ಕಿಗೆ ಹಾಕಿ ನಲವತ್ತು ಲೈಕ್ ಗಳಿಸಿದ್ದಳು. ಒಂದು ಬೆಕ್ಕಿಗೆ ನಲವತ್ತಾದರೆ ಆಯಿಗೆ ಎಷ್ಟು ಬರಬೇಡ! ವೈಶಾಲಿ ಅಪ್ಪನ ಹೆಸರಲ್ಲೇ ಅಕೌಂಟ್ ತೆರೆದು, ಮಗ್ಗದಿಂದ ಆಗಷ್ಟೇ ಇಳಿದ ಹಸಿರು ಸೀರೆ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಆಯಿಯ ಫೋಟೊ ಹಾಕಿದಳು. ಇನ್ನೂರ ಹನ್ನೆರಡು ಲೈಕ್ ಬಂದವು. ಆ ರಾತ್ರಿ ಅವಳಿಗೆ ಊಟವೂ ಬೇಡವಾಗಿತ್ತು.

ಸ್ವಾತಿ ಎನ್ನುವವಳೊಬ್ಬಳು “ಸೂಪರ್ ಡಿಯರ್!” ಎಂದು ಬರೆದಳು. ಇನ್ನೂ ಫೋಟೊ ಕಳಿಸು ಎಂದಳು. ಅಜ್ಜಿಯ ವಿಡಿಯೊ ಇದ್ದರೆ ಚೆಂದ ಎಂದಳು. ವೈಶಾಲಿ ಸೀರೆಯ ಹಿಂಬದಿ ತೆಗೆದಳು, ಸೆರಗಿನ ಕೊಂಡಿಯನ್ನು ಹತ್ತಿರದಿಂದ ತೆಗೆದಳು. ಬೇರೆ ಹುಡುಗಿಯಾಗಿದ್ದರೆ ಇದೆಲ್ಲ ಹೊಳೆಯುತ್ತಿರಲಿಲ್ಲ. ಇವಳು ನೇಕಾರರ ಮಗಳು. “ಈ ಕೊಂಡಿ ನೋಡಿಯೇ ಎಲ್ಲರೂ ಸೀರೆ ಕೊಳ್ಳುತ್ತಾರೆ, ಮಿಲ್ಲಿನ ಸೀರೆಗೆ ಇದು ಇರುವುದಿಲ್ಲ” ಎಂದು ಸ್ವಾತಿಗೆ ಪಾಠ ಬೇರೆ ಹೇಳಿದ್ದಳು. ಆಯಿಗೆ ಮಾತ್ರ, “ಗಿರಾಕಿ ಬಂದ್ರ ಹ್ಯಾಂಗ ಕರೀತಿ, ಮಾಡಿ ತೋರ್ಸು,” ಎಂದಿದ್ದಳು. ಮೊಮ್ಮಗಳು ಆಟ ಆಡುತ್ತಿದ್ದಾಳೆ ಎಂದುಕೊಂಡು ಆಯಿ ಮಾಡಿ ತೋರಿಸಿದ್ದಳು.

“ಸೀರಿ ನಮ್ಮದ,” ಎಂದ ಅಪ್ಪ, ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು. “ನಮ್ಮವ್ವನೂ ಖರೆ. ಆದ್ರ ಈ ಫೋಟೊ ಹೊಡದವರು ಯಾರು?” ಮೊಬೈಲನ್ನು ಯಲ್ಲಕ್ಕನಿಗೆ ತಿರುಗಿ ಕೊಡುತ್ತ, “ಅಂದಾನೆಪ್ಪ!” ಎಂದ.

ಅಂದಾನೆಪ್ಪ ಎಂದರೆ ಅವರಿಗೆ ನೂಲು ಕೊಟ್ಟು, ನೇಯ್ದ ಸೀರೆ ಒಯ್ಯುವ ಸಾವಕಾರ.

“ಹೋದ ತಿಂಗಳ ಅವನ ಬಂದು ಸೀರಿ ಹಾಸಿ ಹಾಸಿ ಫೋಟೊ ಹೊಡಕೊಂಡು ಹೋದ. ನಮ್ಮವ್ವಂದೂ ಹೊಡದಿರಬೇಕು. ಈಗ ಹೋಗಿ ಕೇಳೇ ಬರತೇನಿ.”

“ರಾಚಪ್ಪಾ, ನಮಗ ನೂಲ ಕೊಡಾಂವ ಅವ. ಬಾಯಿ ಬಿಗಿ ಹಿಡದು ಮಾತಾಡಪ್ಪಾ,” ಎಂದಳು ಆಯಿ.

“ಓಣಿಯೊಳಗ ನಿನ್ನ ಕಳ್ಳಿ ಅಂದಾರ. ಇನ್ನೆಲ್ಲಿ ಬಾಯಿ ಬಿಗಿ?”

ಅಪ್ಪ ಸಿಟ್ಟಾಗುವುದೇ ಅಪರೂಪ. ಸಿಟ್ಟಾದರೆ ಮೊದಲು ಕಿವಿ ಕೆಂಪಾಗುತ್ತಿದ್ದವು. ಈಗ ಎರಡೂ ಕೆಂಪಾಗಿದ್ದವು. ಅಂಗಿ ಸಿಕ್ಕಿಸಿಕೊಂಡು, ಗುಂಡಿಯನ್ನು ಮೇಲೆ ಕೆಳಗೆ ಹಾಕಿಕೊಂಡು, ಸೈಕಲ್ ಹತ್ತಿ ಹೊರಟೇಬಿಟ್ಟ.

ವೈಶಾಲಿ ಕಂಬ ಹಿಡಿದು ನಿಂತೇ ಇದ್ದಳು. ಅಂದಾನೆಪ್ಪನಿಗೆ ಇದರಲ್ಲಿ ಏನೂ ಗೊತ್ತಿಲ್ಲ. ಅಪ್ಪ ಹೋಗಿ ಅವನನ್ನು ಕಳ್ಳ ಎಂದರೆ ಅವನು ಸುಮ್ಮನಿರುತ್ತಾನೆಯೆ? ನೂಲು ನಿಲ್ಲುತ್ತದೆ. ನೂಲು ನಿಂತರೆ ಮಗ್ಗ ನಿಲ್ಲುತ್ತದೆ. ಹೋದ ವರ್ಷ ಒಮ್ಮೆ ಇಪ್ಪತ್ತು ದಿನ ಮಗ್ಗ ನಿಂತಿತ್ತು. ಅಪ್ಪ ಕುಣಿಯಲ್ಲಿ ಸುಮ್ಮನೆ ಕಾಲು ಇಳಿಬಿಟ್ಟುಕೊಂಡು ಕೂತಿರುತ್ತಿದ್ದ. ಅವಳಿಗೆ ಅದು ನೆನಪಾಯಿತು. ಅವ್ವ ಮನೆಯಲ್ಲಿದ್ದಿದ್ದರೆ ಅವಳ ಕಿವಿಯಲ್ಲಾದರೂ ಹೇಳಬಹುದಿತ್ತು. ಅವ್ವ ಚಿಕ್ಕಮ್ಮನ ಬಾಣಂತನಕ್ಕೆಂದು ತೇರದಾಳಕ್ಕೆ ಹೋಗಿ ವಾರವಾಗಿತ್ತು.

ಬರಿಗಾಲಲ್ಲೇ ಓಡಿದಳು. ಅರ್ಧ ಜಡೆ ಬಿಚ್ಚಿ ಮುಖದ ಮೇಲೆ ಬಂತು. ಆ ಸೈಕಲ್ಲಿಗೆ ಪುಣ್ಯ ಬರಲಿ, ಓಣಿಯ ತುದಿಯಲ್ಲಿ ಅದರ ಚೈನು ಕಳಚಿತ್ತು. ಅಪ್ಪ ಕೆಳಗೆ ಕೂತು ಚೈನು ಏರಿಸುತ್ತಿದ್ದ.

“ಅಪ್ಪಾ, ಅವರಲ್ಲ.”

“ಏನು?”

“ಅಂದಾನೆಪ್ಪ ಸಾವಕಾರ ಅಲ್ಲ. ಆಯಿ ಫೋಟೊ ಹೊಡದದ್ದು ನಾನು. ಮೊಬೈಲಿಗೆ ಹಾಕಿದ್ದೂ ನಾನ. ವಿಡಿಯೊನೂ ನಾನ ಕಳಿಸಿದ್ದು.”

ಅಪ್ಪ ಎದ್ದು ನಿಂತ. ಕೈಗೆಲ್ಲ ಚೈನಿನ ಮಸಿ ಹತ್ತಿತ್ತು.

“ಯಾರಿಗೆ ಕಳಿಸಿದಿ?”

“ಸ್ವಾತಿ ಅನ್ನೋರಿಗೆ.”

“ಯಾರ ಅಕಿ ಸ್ವಾತಿ? ಯಾವೂರಾಕಿ?”

“ಗೊತ್ತಿಲ್ಲ.”

“ಊರು ಗೊತ್ತಿಲ್ಲ, ಮಾರಿ ಗೊತ್ತಿಲ್ಲ. ಅಂಥವರ ಕೈಯಾಗ ನಿಮ್ಮ ಆಯಿನ್ನ ಕೊಟ್ಟೇನ ಬೇ?”

ಅವನು ಕೂಗಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಕೇಳಿದ. ಅದಕ್ಕೇ ವೈಶಾಲಿಗೆ ಅಳು ತಡೆಯಲಾಗಲಿಲ್ಲ.

“ಬೈಯಪ್ಪಾ ನನ್ನ,” ಎಂದಳು ಬಿಕ್ಕುತ್ತ.

“ಬೈಯೂದು ಎಲ್ಲಿ ಹೋಗತೈತಿ? ಬೈತೇನಿ ತಗೊ. ಮೊದಲ ಮನಿಗೆ ನಡಿ. ಆ ಯಕ್ಕಗ, ನಿಮ್ಮ ಆಯಿಗೆ ನೀನ ಹೇಳಬೇಕು. ನಾ ಬಾಯಿ ಬಿಡೂದಿಲ್ಲ.”

ವಾಪಸು ನಡೆಯುವಾಗ ಆ ಓಣಿ ಎಷ್ಟು ಉದ್ದವಾಗಿತ್ತು ಎನ್ನುತ್ತೀರಿ! ಕಟ್ಟೆಯ ಮುಂದೆ ನಿಂತು ವೈಶಾಲಿ ಹೇಳಿದಳು. ಒಂದನ್ನೂ ಬಿಡಲಿಲ್ಲ. ಲೈಕ್, ಸ್ವಾತಿ, ಕೊಂಡಿಯ ಪಾಠ, ಎಲ್ಲವನ್ನೂ ಹೇಳಿದಳು. ಎದುರು ಮನೆಯವರು ಬಾಗಿಲಲ್ಲೇ ಇದ್ದರು. ಅವರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದಳು. “ನಮ್ಮ ಆಯಿಗೆ ಇದ್ಯಾವುದೂ ಗೊತ್ತಿಲ್ರಿ,” ಎಂದು ಮುಗಿಸಿದಳು.

ಯಲ್ಲಕ್ಕ ಹುಡುಗಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಆಯಿಯ ಕಡೆ ತಿರುಗಿ ಅವಳ ಎರಡೂ ಕೈ ಹಿಡಿದುಕೊಂಡಳು. “ಎಂಥಾ ಮಾತ ಅಂದುಬಿಟ್ಟೆ ಯವ್ವಾ ನಿಮಗ! ಓಣಿ ಮಂದಿ ಮುಂದ ಅಂದೆ!”

“ಆತು ಬಿಡು. ನೀ ಏನ ಮಾಡ್ತಿ, ಹೊಟ್ಟಿ ಉರದಿತ್ತು,” ಎಂದಳು ಆಯಿ. ಆಮೇಲೆ, “ಇನ್ನೊಮ್ಮೆ ತೋರ್ಸು ಅದನ್ನ,” ಎಂದಳು.

ಯಲ್ಲಕ್ಕ ವಿಡಿಯೊ ಹಚ್ಚಿದಳು. ಆಯಿ ತನ್ನನ್ನು ತಾನು ಮೊಬೈಲಿನಲ್ಲಿ ನಿಧಾನವಾಗಿ ನೋಡಿದ್ದು ಅದೇ ಮೊದಲು. ಎರಡು ಸಲ ನೋಡಿದಳು.

“ಖರೇನ ನಗಾಕತ್ತೇನಿ,” ಎಂದಳು. “ಯಾರ ಮುಂದ ನಗಾಕತ್ತೇನಿ ಅಂತ ನನಗ ಗೊತ್ತಿಲ್ಲ ನೋಡು.”

ವೈಶಾಲಿಯ ಕಡೆ ನೋಡಲಿಲ್ಲ. ಎದ್ದು, ರಾಟಿಯನ್ನು ಎತ್ತಿಕೊಂಡು ಒಳಗೆ ಹೋದಳು. ಮಗ್ಗದ ಪಕ್ಕದ ಕತ್ತಲ ಮೂಲೆಯಲ್ಲಿ ಅದನ್ನು ಇಟ್ಟುಕೊಂಡು ಕೂತಳು.

ಊಟವಾದ ಮೇಲೆ ಅಪ್ಪ, ಯಲ್ಲಕ್ಕ, ವೈಶಾಲಿ ಮೂವರೂ ಪೊಲೀಸ್ ಸ್ಟೇಶನ್ನಿಗೆ ಹೋದರು. ಯಲ್ಲಕ್ಕ ಪರದೆಯ ಡಬ್ಬಿ ಹಿಡಿದುಕೊಂಡಿದ್ದಳು. ಹವಾಲ್ದಾರ ಗಿರಿಮಲ್ಲಪ್ಪ ಎಲ್ಲವನ್ನೂ ಕೇಳಿ, ಒಂದೊಂದೇ ಬರೆದುಕೊಂಡರು. ರೊಕ್ಕ ಹಾಕಿಸಿಕೊಂಡ ನಂಬರಿಗೆ ಫೋನು ಹಚ್ಚಿದರು. ಅದು ಬಂದ್ ಆಗಿತ್ತು.

“ಹೆಸರೂ ಸುಳ್ಳು, ಸಿಮ್ಮೂ ಯಾರದೋ. ಇಂಥಾವು ಈಗ ಭಾಳ ಆಗ್ಯಾವ. ಬಾಗಲಕೋಟಿಗೆ ಬರದು ಕಳಸ್ತೇವಿ. ಆದ್ರ ಯಕ್ಕಾ, ರೊಕ್ಕ ಬರತೈತಿ ಅಂತ ನಾ ಸುಳ್ಳ ಧೈರ್ಯ ಹೇಳೂದಿಲ್ಲ,” ಎಂದರು. ಆಮೇಲೆ ವೈಶಾಲಿಗೆ, “ಆ ಸ್ವಾತಿ ಜೋಡಿ ಬರದದ್ದು ಒಂದನ್ನೂ ಅಳಸಬ್ಯಾಡ ಮತ್ತ. ನಮಗ ಬೇಕಾಗತೈತಿ,” ಎಂದರು.

ಹೊರಗೆ ಬಂದು ಯಲ್ಲಕ್ಕ ಬೇವಿನ ನೆರಳಲ್ಲಿ ನಿಂತಳು. “ಮಾಳು ಎರಡು ದಿನದಿಂದ ಉಂಡಿಲ್ಲ. ತನ್ನಿಂದ ಆತು ಅಂತಾನ. ರಂಜನಾಗ ಇನ್ನೂ ಹೇಳಿಲ್ಲ. ಹಸರು ಸೀರಿ ತಂದೇನಿ ಅಂತ ಫೋನಿನ್ಯಾಗ ಹೇಳಿಬಿಟ್ಟೇನಿ,” ಎಂದಳು.

ಅಪ್ಪ ಗಂಟಲು ಸರಿಮಾಡಿಕೊಂಡ. “ಮಗ್ಗದ ಮ್ಯಾಲ ಈಗ ಹಸರ ಐತಿ. ಶನಿವಾರಕ್ಕ ಒಂದು ಸೀರಿ ಇಳೀತೈತಿ. ಅದು ನಿಮಗ.”

“ಪುಕ್ಕಟೆ ಒಲ್ಲೆ ನಾನು. ಅದನ್ನ ಕೇಳಾಕ ಬಂದಾಕಿ ಅಲ್ಲ,” ಎಂದಳು ಯಲ್ಲಕ್ಕ ಥಟ್ಟನೆ. ತುಸು ಯೋಚಿಸಿ, “ನಮ್ಮ ಮಾವ ನೇಯ್ದ ಕಂಬಳಿ ಒಂದೈತಿ. ಹೊಸಾದು. ಅದನ್ನ ತರತೇನಿ. ನಡೀತೈತೇನು?” ಎಂದಳು.

“ನಮ್ಮವ್ವ ಎರಡು ಚಳಿಗಾಲದಿಂದ ಕಂಬಳಿ ಕೇಳಾಕತ್ತಾಳ,” ಎಂದ ಅಪ್ಪ.

ಆದರೆ ನೂಲು ಅಂದಾನೆಪ್ಪನದ್ದಲ್ಲವೆ? ಅವನನ್ನು ಕೇಳದೆ ಹೇಗೆ ಕೊಡುವುದು? ಬೆಳಗ್ಗೆ ಬೈಯಲು ಹೊರಟಿದ್ದವನ ಮನೆಗೆ ಸಂಜೆ ಕೇಳಿಕೊಳ್ಳಲು ಹೋಗಬೇಕಾಯಿತು. ಅದೇ ಸೈಕಲ್ಲು. ಹಿಂದೆ ಕ್ಯಾರಿಯರ್ ಮೇಲೆ ವೈಶಾಲಿ. ಅಂದಾನೆಪ್ಪ ಎಲ್ಲವನ್ನೂ ಕೇಳಿದ.

“ಅಂದ್ರ ಮುಂಜಾನೆ ನನ್ನ ಬೈಯಾಕ ಹೊಂಟಿದ್ದೇನ ಲೇ ರಾಚಪ್ಪಾ?”

“ಹೊಂಟಿದ್ದೆರಿ. ಚೈನ್ ಕಳಚಿತು.”

“ಹಂಗಾರ ಆ ಚೈನಿಗೆ ಎಣ್ಣಿ ಹಾಕಬ್ಯಾಡ. ಹಂಗ ಇರಲಿ,” ಎಂದು ಅಂದಾನೆಪ್ಪ ಹೊಟ್ಟೆ ಕುಣಿಸಿ ನಕ್ಕ. “ಕೊಡು ಹೋಗು ಆ ಹೆಣ್ಮಗಳಿಗೆ. ನನ್ನ ಸೀರಿ ವಾರ ತಡಾ ಆದ್ರ ಊರೇನ ಮುಳುಗೂದಿಲ್ಲ.”

ಮನೆಗೆ ಬಂದ ಮೇಲೆ ಅಪ್ಪ ಮೊಬೈಲನ್ನು ವೈಶಾಲಿಯ ಕೈಗೆ ಕೊಟ್ಟು ಪಕ್ಕದಲ್ಲೇ ಕೂತ. ಅವಳು ಮೊದಲು, ಸ್ವಾತಿ ಬರೆದದ್ದನ್ನು ಅಳಿಸದೆ, ಆಯಿಯ ಹಳೇ ಫೋಟೊ ಬೇರೆ ಯಾರಿಗೂ ಕಾಣದ ಹಾಗೆ ಮಾಡಿದಳು. ಆಮೇಲೆ ಸ್ಟೇಶನ್ನಿನಲ್ಲಿ ತೆಗೆದಿದ್ದ ಪರದೆಯ ಫೋಟೊ ಹಾಕಿ, ಕೆಳಗೆ ಬರೆದಳು: “ನಮ್ಮ ಅಜ್ಜಿಯ ಫೋಟೊ ಕದ್ದು ಯಾರೋ ಮೋಸ ಮಾಡುತ್ತಿದ್ದಾರೆ. ನಾವು ಮೊಬೈಲಿನಲ್ಲಿ ಸೀರೆ ಮಾರುವುದಿಲ್ಲ. ಯಾರೂ ರೊಕ್ಕ ಹಾಕಬೇಡಿ.” ಒಂದೊಂದು ಅಕ್ಷರವನ್ನೂ ಅಪ್ಪ ಓದಿ, ಹೂಂ ಎಂದ ಮೇಲೇ ಮುಂದಿನ ಅಕ್ಷರ.

ಈ ಸಲ ಲೈಕ್ ಹತ್ತೊಂಬತ್ತೇ ಬಂದವು. ಆದರೆ ಜನ ಬರೆಯತೊಡಗಿದರು. ಮುಧೋಳದ ನರ್ಸಬಾಯಿ ಒಬ್ಬರು ಎರಡು ಸೀರೆಗೆ ಹಾಕಿದ್ದರು. ಬೀಳಗಿಯ ಮಾಸ್ತರರು ತಂಗಿಗೆಂದು ಹಾಕಿದ್ದರು. ಚಿಮ್ಮಡದ ಆಟೊದವನೊಬ್ಬ, ಹೆಂಡತಿಗೆ ತಿಳಿಯದ ಹಾಗೆ ಹಾಕಿದ್ದೆ, ಈಗ ಹೇಳಲಿಕ್ಕೂ ಬಾಯಿಲ್ಲ ಎಂದು ಬರೆದಿದ್ದ. “ನಾನೂ,” “ನಮ್ಮ ಅವ್ವನೂ,” ಎಂದು ಒಬ್ಬರ ಹಿಂದೆ ಒಬ್ಬರು. ವೈಶಾಲಿ ಮೇಲಿಂದ ಕೆಳಗೆ ಓದಿದಳು. ಇವರೆಲ್ಲರೂ ಆಯಿ ನಗುವುದನ್ನು ನೋಡಿದ್ದರು.

ಒಬ್ಬ ಮಾತ್ರ ಹೀಗೆ ಬರೆದಿದ್ದ: “ಈ ಮುದುಕಿಯೇ ಕಳ್ಳಿ. ಈಗ ನಾಟಕ.”

“ಇದನ್ನ ಅಳಸಲೇನಪ್ಪಾ? ಆಯಿ ನೋಡಿದ್ರ...”

“ಅಳಸಿದ್ರ ಅವನ ಮಾತ ಖರೆ ಆಗತೈತಿ. ಉತ್ತರಾ ಬರಿ.”

ವೈಶಾಲಿ ಬಹಳ ಹೊತ್ತು ಕೂತು ಬರೆದಳು. “ಅವರು ನಮ್ಮ ಅಜ್ಜಿ. ಅವರಿಗೆ ಏನೂ ಗೊತ್ತಿಲ್ಲ. ತಪ್ಪು ನನ್ನದು. ಬನಹಟ್ಟಿಗೆ ಬಂದು ನೋಡಿರಿ.” ಉಳಿದವರಿಗೂ ಒಬ್ಬೊಬ್ಬರಿಗೇ ಬರೆದಳು. ಬೆರಳು ನೋಯುತ್ತಿತ್ತು. ಸಾಕು ಎಂದು ಅಪ್ಪ ಹೇಳಿದರೂ ಕೇಳಲಿಲ್ಲ.

ಆ ವಾರ ಆಯಿಯ ರಾಟಿ ಒಳಗೇ ಇತ್ತು. ಸಾಲೆಯಿಂದ ಬಂದ ಕೂಡಲೇ ವೈಶಾಲಿ ಪಕ್ಕದಲ್ಲಿ ಕೂತು ಕಂಡಿಕೆ ಎತ್ತಿ ಕೊಡುತ್ತಿದ್ದಳು. ಆಯಿ ಅದನ್ನು ತೆಗೆದುಕೊಳ್ಳುತ್ತಿದ್ದಳು, ಅವಳ ಮುಖ ಮಾತ್ರ ನೋಡುತ್ತಿರಲಿಲ್ಲ. ಕತ್ತಲಲ್ಲಿ ಎಳೆ ಕಾಣದೆ ಕಣ್ಣು ಕಿರಿದು ಮಾಡುತ್ತಿದ್ದಳು.

“ಆಯಿ, ಕಟ್ಟಿ ಮ್ಯಾಲ ಬೆಳಕ ಐತಿ.”

“ಇಲ್ಲೇ ಛಲೋ ಐತಿ.”

ಓಣಿಯಲ್ಲಿ ಹೋಗುವವರು ಖಾಲಿ ಕಟ್ಟೆ ನೋಡಿ, “ಲಕ್ಷ್ಮವ್ವಾರು ಊರಿಗೆ ಹೋಗ್ಯಾರೇನು?” ಎಂದು ಕೇಳುತ್ತಿದ್ದರು. ವೈಶಾಲಿ ತಲೆ ತಗ್ಗಿಸಿ ಒಳಗೆ ಬಂದುಬಿಡುತ್ತಿದ್ದಳು. ಅಪ್ಪ ಇನ್ನೂ ಬೈದಿರಲಿಲ್ಲ. ಬೈದು ಮುಗಿಸಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ದಿನಾ ಅನ್ನಿಸುತ್ತಿತ್ತು.

ಶನಿವಾರ ಸಂಜೆ ಸೀರೆ ಮಗ್ಗದಿಂದ ಇಳಿಯಿತು. ರವಿವಾರ ಬೆಳಗ್ಗೆ ಯಲ್ಲಕ್ಕ ಕಂಬಳಿಯ ಗಂಟು ಹೊತ್ತು ಬಂದಳು. ಆಯಿ ಮೊದಲು ಕಂಬಳಿ ಬಿಚ್ಚಿದಳು. ಹಿಂದೆ ಮುಂದೆ ತಿರುವಿದಳು, ಅಂಚು ಎಳೆದು ನೋಡಿದಳು, ಮೂಸಿ ನೋಡಿದಳು.

“ಕುರಿ ವಾಸನಿ ಇನ್ನೂ ಹೋಗಿಲ್ಲ.”

“ಹೋದ್ರ ಅದು ಕಂಬಳಿನ ಅಲ್ಲ, ತಗೋರಿ!” ಎಂದಳು ಯಲ್ಲಕ್ಕ.

“ಕೈ ಛಲೋ ಐತಿ ನಿಮ್ಮ ಮಾವಂದು,” ಎಂದು ಆಯಿ ಒಪ್ಪಿಕೊಂಡಳು. ಆಮೇಲೆ ಸೀರೆಯನ್ನು ಯಲ್ಲಕ್ಕನ ಮಡಿಲಿಗೆ ಹಾಕಿ, “ಈಗ ನೀ ನೋಡು,” ಎಂದಳು.

ಯಲ್ಲಕ್ಕ ಸೀರೆಯನ್ನು ತಿರುವಿದಳು. ಸೆರಗಿನ ಕೊಂಡಿಯ ಮೇಲೆ ಬೆರಳಾಡಿಸಿದಳು. ಕೆನ್ನೆಗೆ ಒತ್ತಿ ಹಿಡಿದುಕೊಂಡಳು.

“ತಂಗೀ, ಒಂದು ಫೋಟೊ ಹೊಡದು ನಮ್ಮ ಮಾಳುಗ ಕಳಸು,” ಎಂದಳು ಆಮೇಲೆ ವೈಶಾಲಿಗೆ. “ಅವನೂ ನೋಡಲಿ, ಉಣ್ಣಲಿ. ಆಯಿನೂ ಇರಲಿ ಅದರಾಗ.”

ವೈಶಾಲಿ ಅಪ್ಪನ ಮೊಬೈಲು ತಂದು ಎತ್ತಿ ಹಿಡಿದಳು. ಹಿಡಿದ ಕೂಡಲೇ ಆಯಿಯ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಸೆರಗು ಹಣೆಯ ಮೇಲೆ ಇಳಿಯಿತು. ಆಯಿ ಮುಖ ಆಚೆ ತಿರುಗಿಸಿದಳು.

ವೈಶಾಲಿ ಮೊಬೈಲು ಇಳಿಸಿದಳು.

“ಆಯಿ, ಹೊಡೀಲೇನು?”

ಕೇಳಿದ ಮೇಲೆ ಅವಳಿಗೇ ಹೊಳೆಯಿತು. ಅಷ್ಟು ಫೋಟೊ, ಅಷ್ಟು ವಿಡಿಯೊ ತೆಗೆದಿದ್ದಳು. ಈ ಮಾತನ್ನು ಕೇಳಿದ್ದು ಇದೇ ಮೊದಲು.

“ಬ್ಯಾಡ,” ಎಂದಳು ಆಯಿ.

“ಆತು ಆಯಿ.”

ಕಂಬಳಿಯ ಮೇಲೆ ಸೀರೆ ಹಾಸಿ, ಅದರದಷ್ಟೇ ಒಂದು ಫೋಟೊ ತೆಗೆದು ಮಾಳುಗೆ ಕಳಿಸಿದಳು. ಯಲ್ಲಕ್ಕ ಸೀರೆಯನ್ನು ಎದೆಗೆ ಅವಚಿಕೊಂಡು ಬಸ್ಸಿಗೆ ಹೊರಟಳು. ಅಪ್ಪ ಸ್ಟ್ಯಾಂಡಿನವರೆಗೆ ಕಳಿಸಿಬರಲು ಹೋದ.

ಮನೆಯಲ್ಲಿ ಇಬ್ಬರೇ ಉಳಿದರು. ಆಯಿ ರಾಟಿಯ ಮುಂದೆ ಕೂತು ಎರಡು ಸುತ್ತು ತಿರುಗಿಸಿದಳು. ಎಳೆ ಹರಿಯಿತು. ಜೋಡಿಸಿದಳು. ಮತ್ತೆ ಹರಿಯಿತು.

“ಈ ಕತ್ತಲದಾಗ ಯಾ ಮಣ್ಣ ಕಾಣತೈತಿ!” ಎಂದು ಗೊಣಗಿದಳು. “ಹಿಡಿ ಆ ಕಡೆ.”

ಇಬ್ಬರೂ ಸೇರಿ ರಾಟಿಯನ್ನು ಕಟ್ಟೆಯ ಮೇಲೆ ತಂದಿಟ್ಟರು. ಬಿಸಿಲು ಒಂದು ಮಗ್ಗುಲಿಗೆ ಬಿದ್ದಿತ್ತು. ಎದುರು ಮನೆಯವಳು ಕಸಬರಿಗೆ ಹಿಡಿದವಳೇ, “ಬಂದ್ರೇನ ಲಕ್ಷ್ಮವ್ವಾರ?” ಎಂದು ಕೂಗಿದಳು.

“ನಾ ಎಲ್ಲಿ ಹೋಗಿದ್ದೆ? ನಿನ್ನ ಕಣ್ಣಿಗೇ ಮಬ್ಬ ಬಂದಿರಬೇಕು!” ಎಂದಳು ಆಯಿ.

ಒಂದು ಕಂಡಿಕೆ ತುಂಬಿತು. ಇನ್ನೊಂದನ್ನು ವೈಶಾಲಿ ಎತ್ತಿ ಕೊಟ್ಟಳು. ಆಯಿ ಅದನ್ನು ತೆಗೆದುಕೊಳ್ಳದೆ ಅವಳ ಮುಖ ನೋಡಿದಳು. ಎಂಟು ದಿನದಲ್ಲಿ ಮೊದಲ ಸಲ ನೆಟ್ಟಗೆ ನೋಡಿದಳು.

“ಏ ಹುಡುಗಿ, ಆಗಳೆ ಏನೋ ಕೇಳಿದೆಲ್ಲ?”

“ಏನು ಆಯಿ?”

“ಅದ, ಮೊಬೈಲ್ ಹಿಡಕೊಂಡು ಏನೋ ಕೇಳಿದಿ. ಇನ್ನೊಮ್ಮೆ ಕೇಳು ನೋಡೂನು.”

ವೈಶಾಲಿ ಕಂಡಿಕೆ ಕೆಳಗಿಟ್ಟು ಮೊಬೈಲು ತೆಗೆದುಕೊಂಡಳು. “ಆಯಿ, ನಿನ್ನ ಫೋಟೊ ಹೊಡೀಲೇನು?”

“ಯಾರಿಗೆ ಕಳಸ್ತಿ?”

“ಯಾರಿಗೂ ಇಲ್ಲ. ನನಗ.”

ಆಯಿ ಮೂಗುತಿ ಸರಿಮಾಡಿಕೊಂಡಳು. ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿದಳು. ಮೊದಲು ಬಿಗಿಯಾಗಿ ಕೂತಳು. ಆಮೇಲೆ ಮೊಮ್ಮಗಳ ಕಣ್ಣಲ್ಲಿ ನೀರು ನೋಡಿ, “ಅಯ್ಯ, ಹುಚ್ಚಿ!” ಎಂದು ಬಾಯಿ ತುಂಬ ನಕ್ಕಳು.

ವೈಶಾಲಿ ಮೊಬೈಲು ಎತ್ತುವುದನ್ನು ಮರೆತು ಆಯಿಯನ್ನೇ ನೋಡುತ್ತ ಕೂತಳು.

“ಹೊಡದೇನ?” ಎಂದಳು ಆಯಿ, ನಗುತ್ತಲೇ.

“ತಡಿ ಆಯಿ,” ಎಂದಳು ವೈಶಾಲಿ. “ಇನ್ನೊಂದೀಟು ಹೊತ್ತು ಹಂಗ ಇರು.”